ಸಾಕ್ಷಿಯಿಲ್ಲದ ಸಾಕ್ಷ್ಯ: ಯಂತ್ರದ ನೆರವಿನಿಂದ ಅನುಯಾಯಿಗಳನ್ನು ಗಳಿಸುವುದು ಯುಕ್ತವೇ?



ಕಳೆದ ಚಾತುರ್ಮಾಸ್ಯದ ದಿನಗಳಲ್ಲಿ ಒಂದು ಸಂಜೆ ಪ್ರವಚನವು ಮುಗಿದು ಜನರು ಚದುರುತ್ತಿದ್ದಾಗ ಒಬ್ಬ ತರುಣನು ಬಳಿಗೆ ಬಂದು ನಮಸ್ಕರಿಸಿ ಒಂದು ಪ್ರಶ್ನೆಯನ್ನು ಕೇಳಿದನು. ಆತನು ಗಣಕಯಂತ್ರದ ಉದ್ಯೋಗದಲ್ಲಿರುವವನು. ಆತನ ತಂಗಿಯು ಹಲವು ವರ್ಷ ಸಂಗೀತವನ್ನು ಅಭ್ಯಾಸ ಮಾಡಿ, ತಾನು ಹಾಡಿದ ದೇವರನಾಮಗಳನ್ನು ವಾರಕ್ಕೊಂದರಂತೆ ಇನ್‌ಸ್ಟಾಗ್ರಾಂ ಎಂಬ ಸಾಮಾಜಿಕ ಜಾಲತಾಣದಲ್ಲಿ ಪ್ರಕಟಿಸುತ್ತಿದ್ದಾಳೆ. 2 ವರ್ಷಗಳು ಕಳೆದರೂ ಅವಳನ್ನು ಅನುಸರಿಸುವವರ ಸಂಖ್ಯೆ 150ನ್ನು ದಾಟಿಲ್ಲ. ತಂಗಿಯ ಮುಖವು ಬಾಡುತ್ತಿರುವುದನ್ನು ಕಂಡು ಅಣ್ಣನ ಮನಸ್ಸು ನೊಂದಿತ್ತು.

"ಆಚಾರ್ಯರೇ, ನಾನು ಕಲಿತ ವಿದ್ಯೆಯಿಂದ ಆರು ತಿಂಗಳಲ್ಲಿ ಈ ಸಂಖ್ಯೆಯನ್ನು ಹತ್ತು ಸಾವಿರಕ್ಕೆ ಏರಿಸಬಲ್ಲೆ. ಸುಳ್ಳು ಖಾತೆಗಳನ್ನು ಹಣ ಕೊಟ್ಟು ಕೊಳ್ಳುವುದಿಲ್ಲ. ಬರುವವರೆಲ್ಲರೂ ನಿಜವಾದ ಮನುಷ್ಯರೇ. ಒಂದೂ ಸುಳ್ಳು ಮಾತನ್ನು ಆಡುವುದಿಲ್ಲ. ಆದರೂ ಮನಸ್ಸಿಗೆ ಏನೋ ಅಳುಕು. ಇದರಲ್ಲಿ ದೋಷವುಂಟೇ?" ಎಂದು ಆತನು ಕೇಳಿದನು.

ಆ ಕ್ಷಣಕ್ಕೆ ನಮಗೆ ಉತ್ತರ ತೋಚಲಿಲ್ಲ. ಕೆಲವು ದಿನಗಳ ಅವಧಿಯನ್ನು ಕೇಳಿಕೊಂಡು, ತಿಳಿದವರಿಂದ ಆ ವಿದ್ಯೆಯ ಸ್ವರೂಪವನ್ನು ಕೇಳಿ ತಿಳಿದೆವು. ನಮ್ಮ ಹಿರಿಯರು ಒಂದು ಪ್ರಶ್ನೆಯನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಕ್ರಮದಲ್ಲಿ ವಿಚಾರ ಮಾಡುತ್ತಿದ್ದರಷ್ಟೆ. ಪ್ರಶ್ನೆಯು ಹೊಸದಾದರೂ ಕ್ರಮವು ಹಳೆಯದೇ ಇರಲಿ ಎಂದು ಆ ದಾರಿಯನ್ನೇ ಹಿಡಿದಿದ್ದೇವೆ.

ವಿಷಯ

ಇನ್‌ಸ್ಟಾಗ್ರಾಂ 2010ರ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದಲ್ಲಿ ಆರಂಭವಾದ, ಚಿತ್ರಗಳನ್ನು ಹಂಚಿಕೊಳ್ಳುವ ತಾಣ. 2012ರಲ್ಲಿ ಫೇಸ್‌ಬುಕ್ ಸಂಸ್ಥೆಯು ಅದನ್ನು 100 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಘೋಷಿಸಿತು. ಇಲ್ಲಿ ಒಬ್ಬರನ್ನು ಅನುಸರಿಸುವುದು ಎಂದರೆ ‘ನೀವು ಪ್ರಕಟಿಸುವುದು ನನ್ನ ಕಣ್ಣಿಗೆ ಬೀಳುತ್ತಿರಲಿ’ ಎಂದು ಒಪ್ಪಿಗೆ ಕೊಡುವುದು. ಲೈಕ್ ಎಂಬ ಗುರುತನ್ನು ಒತ್ತುವುದು ಎಂದರೆ ‘ಇದನ್ನು ನೋಡಿದೆ, ಮೆಚ್ಚಿದೆ’ ಎಂದು ತಿಳಿಸುವುದು. ಅನುಸರಿಸುವವರ ಸಂಖ್ಯೆಯು ಖಾತೆಯ ನೆತ್ತಿಯ ಮೇಲೆಯೇ ಎಲ್ಲರಿಗೂ ಕಾಣುವಂತೆ ಇರುತ್ತದೆ. ಹೊಸಬರು ಬಂದಾಗ ಮೊದಲು ನೋಡುವುದು ಅದನ್ನೇ. ಮೊದಲು ಚಿತ್ರಗಳು ಪ್ರಕಟವಾದ ಕಾಲಕ್ರಮದಲ್ಲಿ ಕಾಣಿಸುತ್ತಿದ್ದವು. 2016ರಲ್ಲಿ ಸಂಸ್ಥೆಯು ಆ ಕ್ರಮವನ್ನು ಬಿಟ್ಟು, ಯಾರಿಗೆ ಯಾವುದು ಹಿಡಿಸಬಹುದೆಂದು ಯಂತ್ರವು ಊಹಿಸಿದಂತೆ ಮುಂದೆ ಹಿಂದೆ ಮಾಡಿ ತೋರಿಸತೊಡಗಿತು.

ಇನ್ನು ಯಂತ್ರಕಲಿಕೆ. ಮೆಷೀನ್ ಲರ್ನಿಂಗ್ ಎಂದು ತರುಣರು ಕರೆಯುವುದು ಇದನ್ನೇ. ಹೂವಿನ ಅಂಗಡಿಯಲ್ಲಿ ಹತ್ತು ವರ್ಷ ಕುಳಿತವನು, ಯಾರು ಕೊಳ್ಳುವರು, ಯಾರು ಬೆಲೆ ಕೇಳಿ ಹೊರಟುಹೋಗುವರು ಎಂಬುದನ್ನು ಮುಖ ನೋಡಿಯೇ ಊಹಿಸುತ್ತಾನೆ. ಅವನಿಗೆ ಯಾರೂ ನಿಯಮವನ್ನು ಕಲಿಸಿರುವುದಿಲ್ಲ. ಸಾವಿರಾರು ಜನರನ್ನು ನೋಡಿ ನೋಡಿ ಬಂದ ತಿಳಿವು ಅದು. ಅದೇ ರೀತಿ ಯಂತ್ರಕ್ಕೆ ಸಾವಿರಾರು ಉದಾಹರಣೆಗಳನ್ನೂ ಪ್ರತಿಯೊಂದರ ಫಲವನ್ನೂ ಒಪ್ಪಿಸಿದರೆ, ಅವುಗಳಲ್ಲಿರುವ ಸಾಮ್ಯವನ್ನು ಲೆಕ್ಕ ಹಾಕಿ ಮುಂದಿನದರ ಫಲವನ್ನು ಅದು ಊಹಿಸುತ್ತದೆ.

ಇದು ಹೇಗೆ ಬಳಕೆಯಾಗುವುದೆಂಬುದಕ್ಕೆ ನ್ಯೂಯಾರ್ಕ್ ನಗರದ ಒಂದು ನಿದರ್ಶನವಿದೆ. ಅಲ್ಲಿಯ ಒಬ್ಬ ಯುವಕನು ತನ್ನ ಕೆಲಸದ ವಿವರವನ್ನು 2019ರಲ್ಲಿ ತಾನೇ ಬರೆದು ಪ್ರಕಟಿಸಿದನು. ನಗರದ ಸುಂದರ ದೃಶ್ಯಗಳಿಗೆ ಮೀಸಲಾದ ಒಂದು ಖಾತೆಯನ್ನು ಆತನು ತೆರೆದನು. ಚಿತ್ರಗಳು ಪರರವು; ತೆಗೆದವರ ಹೆಸರನ್ನು ಜೊತೆಗೆ ನಮೂದಿಸುವ ವ್ಯವಸ್ಥೆಯಿತ್ತು. ಯಾವ ಚಿತ್ರವು ಜನರಿಗೆ ಹಿಡಿಸುವುದು ಎಂಬುದನ್ನು ಆರಿಸುತ್ತಿದ್ದುದು ಯಂತ್ರ; ಪ್ರಕಟಿಸುತ್ತಿದ್ದುದೂ ಯಂತ್ರ. ಯಾರನ್ನು ತಾನು ಅನುಸರಿಸಿದರೆ ಅವರು ತನ್ನನ್ನು ಮರಳಿ ಅನುಸರಿಸುವರು ಎಂಬುದನ್ನು ಊಹಿಸಿ, ಅಂಥವರನ್ನು ಹುಡುಕಿ ಅನುಸರಿಸುತ್ತಿದ್ದುದೂ, ಬಳಿಕ ಕೈಬಿಡುತ್ತಿದ್ದುದೂ ಯಂತ್ರವೇ. ಕೈಬಿಡದೆ ಗತ್ಯಂತರವಿಲ್ಲ, ಏಕೆಂದರೆ ಒಂದು ಖಾತೆಯು 7,500ಕ್ಕಿಂತ ಹೆಚ್ಚು ಜನರನ್ನು ಅನುಸರಿಸಲು ಆ ತಾಣವು ಬಿಡುವುದಿಲ್ಲ. ಹೀಗೆ 25,000ಕ್ಕೂ ಮಿಕ್ಕಿ ಅನುಯಾಯಿಗಳು ಕೂಡಿಕೊಂಡರು. ಅನಂತರ ನಗರದ ಭೋಜನಾಲಯಗಳಿಗೆ ಯಂತ್ರದ ಮೂಲಕವೇ ಪತ್ರಗಳು ಹೋದವು: ಒಂದು ಊಟವನ್ನು ಉಚಿತವಾಗಿ ಕೊಟ್ಟರೆ ಇಷ್ಟು ಜನರ ಮುಂದೆ ನಿಮ್ಮ ಪ್ರಚಾರವಾಗುವುದು ಎಂದು. ಒಪ್ಪಿದವರಿದ್ದರು, ಆತನಿಗೆ ಊಟ ದೊರೆಯಿತು.

ನಮ್ಮ ತರುಣನು ತಂಗಿಗಾಗಿ ಮಾಡಬೇಕೆಂದಿದ್ದುದೂ, ಊಟದ ಭಾಗವೊಂದನ್ನು ಬಿಟ್ಟರೆ, ಇದನ್ನೇ.

ಸಂಶಯ

ಎರಡು ಕೊನೆಗಳು ನಮಗೆ ಸ್ಪಷ್ಟವಾಗಿವೆ. ಒಂದು ಕೊನೆಯಲ್ಲಿ ಅಪ್ಪಟ ಸುಳ್ಳು. ಅಮೆರಿಕದ ದೇವುಮಿ ಎಂಬ ಸಂಸ್ಥೆಯು ಅನುಯಾಯಿಗಳನ್ನೇ ಸರಕಿನಂತೆ ಮಾರುತ್ತಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು 2018ರ ಜನವರಿಯಲ್ಲಿ ಪ್ರಕಟಿಸಿದ ತನಿಖಾ ವರದಿಯ ಪ್ರಕಾರ, ಯಂತ್ರಗಳೇ ನಡೆಸುವ ಸುಮಾರು 35 ಲಕ್ಷ ಖಾತೆಗಳನ್ನು ಮತ್ತೆ ಮತ್ತೆ ಮಾರಿ, ಆ ಸಂಸ್ಥೆಯು ಟ್ವಿಟರ್ ತಾಣದಲ್ಲಿ 20 ಕೋಟಿಗೂ ಹೆಚ್ಚು ಅನುಯಾಯಿಗಳನ್ನು ಗ್ರಾಹಕರಿಗೆ ಒದಗಿಸಿತ್ತು. ಅವುಗಳಲ್ಲಿ 55,000 ಖಾತೆಗಳಾದರೂ ನಿಜವಾದ ಜನರ ಹೆಸರು, ಭಾವಚಿತ್ರಗಳನ್ನು ಕದ್ದು ಮಾಡಿದವು. 2019ರಲ್ಲಿ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆಯು ಇದರ ವಿರುದ್ಧ ವ್ಯಾಜ್ಯ ಹೂಡಿ, 25 ಲಕ್ಷ ಡಾಲರುಗಳ ಆದೇಶವನ್ನು ಪಡೆಯಿತು. 2020ರಲ್ಲಿ ನಮ್ಮ ಮುಂಬಯಿಯ ಪೊಲೀಸರೂ ಸುಳ್ಳು ಅನುಯಾಯಿಗಳ ಮಾರಾಟದ ಬಗ್ಗೆ ತನಿಖೆ ನಡೆಸಿದ್ದುಂಟು. ಇದು ತಪ್ಪೆಂಬುದರಲ್ಲಿ ವಾದವಿಲ್ಲ.

ಇನ್ನೊಂದು ಕೊನೆಯಲ್ಲಿ ಕೇವಲ ಸಾಧನಸೌಕರ್ಯ. ಉತ್ಸವದ ಆಹ್ವಾನಪತ್ರಿಕೆಯನ್ನು ಮುದ್ರಣಯಂತ್ರವು ಸಾವಿರ ಪ್ರತಿ ಒತ್ತಿಕೊಡುತ್ತದೆ. ಅದನ್ನು ಯಾರೂ ಮೋಸವೆನ್ನುವುದಿಲ್ಲ.

ತರುಣನು ಕೇಳಿದ್ದು ಇವೆರಡರ ನಡುವಿನದು. ಅನುಯಾಯಿಗಳು ನಿಜ, ಹಾಡು ನಿಜ, ಹಾಡಿದವಳೂ ನಿಜ. ಹಾಗಾದರೆ ಇದು ಮುದ್ರಣಯಂತ್ರದ ಸಾಲಿಗೆ ಸೇರಿದ್ದೋ, ಸುಳ್ಳಿನ ಸಾಲಿಗೆ ಸೇರಿದ್ದೋ?

ಪೂರ್ವಪಕ್ಷ

ದೋಷವಿಲ್ಲವೆನ್ನುವವರ ಯುಕ್ತಿಗಳು ದುರ್ಬಲವಲ್ಲ. ಅವನ್ನು ಇದ್ದಂತೆಯೇ ಹೇಳುವುದು ನ್ಯಾಯ.

ಮೊದಲನೆಯದು: ಸುಳ್ಳೆಂದರೆ ಇಲ್ಲದುದನ್ನು ಇದೆಯೆಂದು ನುಡಿಯುವುದು. ಇಲ್ಲಿ ಯಾರೂ ಏನನ್ನೂ ನುಡಿಯಲಿಲ್ಲ. ಯಂತ್ರವು ಒಂದು ಗುಂಡಿಯನ್ನು ಒತ್ತಿತು, ಮನುಷ್ಯನೊಬ್ಬನು ತಾನಾಗಿ ಬಂದನು.

ಎರಡನೆಯದು: ಯಾರಿಗೂ ನಷ್ಟವಿಲ್ಲ. ಅನುಸರಿಸಿದವನಿಗೆ ಒಳ್ಳೆಯ ಹಾಡು ಸಿಕ್ಕಿತು. ಬೇಡವಾದರೆ ಬಿಡಲು ಅವನು ಸ್ವತಂತ್ರ.

ಮೂರನೆಯದು: ತಾಣದ ಒಡೆಯರೇ ಯಂತ್ರದಿಂದ ಹಿಂದೆ ಮುಂದೆ ಮಾಡಿ ತೋರಿಸುತ್ತಿರುವಾಗ, ಒಳ್ಳೆಯ ಹಾಡು ತಾನಾಗಿ ಜನರನ್ನು ಮುಟ್ಟುವುದೆಂಬ ನಂಬಿಕೆಗೆ ಆಧಾರವೇ ಇಲ್ಲ. ಯಂತ್ರಕ್ಕೆ ಯಂತ್ರವೇ ಪ್ರತ್ಯುತ್ತರ.

ನಾಲ್ಕನೆಯದು: ಉದ್ದೇಶವು ಒಳ್ಳೆಯದು. ಕೀಳು ಅಭಿರುಚಿಯ ಸಾವಿರ ಖಾತೆಗಳು ಲಕ್ಷಾಂತರ ಜನರನ್ನು ಸೆಳೆಯುತ್ತಿರುವಾಗ, ಸದಭಿರುಚಿಯ ಒಂದು ಖಾತೆಯು ಅದೇ ಉಪಾಯದಿಂದ ಬೆಳೆದರೆ ಲೋಕಕ್ಕೆ ಹಿತವೇ ಅಲ್ಲವೇ?

ಸಿದ್ಧಾಂತ

ಮೊದಲನೆಯ ಯುಕ್ತಿಯಲ್ಲಿಯೇ ಇಡೀ ಪ್ರಶ್ನೆಯ ಮರ್ಮವಿದೆ. ಗುಂಡಿ ಒತ್ತುವುದು ಮಾತಲ್ಲವೆನ್ನುವುದು ಸರಿಯಲ್ಲ. ಒಬ್ಬರನ್ನು ಅನುಸರಿಸಿದಾಗ ಅವರಿಗೆ ತಕ್ಷಣ ಒಂದು ಸೂಚನೆ ತಲಪುತ್ತದೆ: ಇಂಥವರು ನಿಮ್ಮನ್ನು ಅನುಸರಿಸತೊಡಗಿದ್ದಾರೆ ಎಂದು. ಅದನ್ನು ಕಂಡವರು ಗ್ರಹಿಸುವುದೇನು? ‘ಯಾರೋ ನನ್ನ ಚಿತ್ರಗಳನ್ನು ನೋಡಿದರು, ಅವರಿಗೆ ಹಿಡಿಸಿತು’ ಎಂದು. ಆ ಗ್ರಹಿಕೆಯನ್ನು ಹುಟ್ಟಿಸುವುದಕ್ಕಾಗಿಯೇ ಯಂತ್ರವು ಗುಂಡಿಯನ್ನು ಒತ್ತಿದ್ದು. ಆದರೆ ನೋಡಿದವರು ಯಾರೂ ಇಲ್ಲ. ಮೆಚ್ಚಿದವರು ಯಾರೂ ಇಲ್ಲ. ಲೆಕ್ಕ ಮಾತ್ರ ಇತ್ತು.

ಅನುಸರಿಸುವುದೂ ಮೆಚ್ಚುವುದೂ ಸಾಕ್ಷ್ಯದ ಜಾತಿಗೆ ಸೇರಿದ ಕ್ರಿಯೆಗಳು. ಕಂಡವನು ಮಾತ್ರ ಸಾಕ್ಷ್ಯ ಹೇಳಬಲ್ಲನು. ಸಾಕ್ಷಿ ಎಂಬ ಪದಕ್ಕೆ ನಮ್ಮ ಶಾಸ್ತ್ರಗಳಲ್ಲಿರುವ ಗೌರವವನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಲೌಕಿಕ ನ್ಯಾಯಾಲಯವೂ ಕಾಣದವನ ಸಾಕ್ಷ್ಯವನ್ನು ತಳ್ಳಿಹಾಕುತ್ತದೆ. ಕಾಣದವನು ಆಡಿದ ಮಾತು ಆಕಸ್ಮಿಕವಾಗಿ ನಿಜವೇ ಆಗಿದ್ದರೂ ಅದು ಸುಳ್ಳು ಸಾಕ್ಷ್ಯವೇ. ಎದುರಿನವರ ಚಿತ್ರಗಳು ವಸ್ತುತಃ ಚೆನ್ನಾಗಿಯೇ ಇದ್ದಿರಬಹುದು. ಅದನ್ನು ನೋಡದೆಯೇ ‘ನೋಡಿದೆ’ ಎಂದದ್ದು ದೋಷ.

ಮುದ್ರಣಯಂತ್ರಕ್ಕೂ ಇದಕ್ಕೂ ಇರುವ ಭೇದವು ಇಲ್ಲಿ ತಿಳಿಯುತ್ತದೆ. ಆಹ್ವಾನಪತ್ರಿಕೆಯಲ್ಲಿ ‘ತಾವು ಬರಬೇಕು’ ಎಂಬ ಇಚ್ಛೆ ಕಳುಹಿಸಿದವರ ಮನಸ್ಸಿನಲ್ಲಿದೆ. ಯಂತ್ರವು ಅದನ್ನು ಹೊತ್ತು ತಂದಿತಷ್ಟೆ. ಯಂತ್ರವು ಸಂದೇಶವನ್ನು ಹೊರಬಹುದು, ಸಾಕ್ಷ್ಯವನ್ನು ನುಡಿಯಲಾರದು.

ಎರಡನೆಯ ಯುಕ್ತಿಯು ನಷ್ಟವಿಲ್ಲವೆನ್ನುತ್ತದೆ. ಈ ಉಪಾಯವು ಫಲಿಸುವುದಾದರೂ ಯಾವುದರ ಬಲದಿಂದ ಎಂಬುದನ್ನು ಯೋಚಿಸಬೇಕು. ಶ್ರಾವಣದಲ್ಲಿ ಒಬ್ಬ ಗೃಹಿಣಿಯು ಮನೆಬಾಗಿಲಿಗೆ ಬಂದು ಕುಂಕುಮವಿಟ್ಟು ಅರಿಶಿನ ಕುಂಕುಮಕ್ಕೆ ಕರೆದು ಹೋದರೆ, ಪರಿಚಯ ಕಡಿಮೆಯಾದರೂ ಕರೆಸಿಕೊಂಡವರು ಹೋಗಿ ಬರುತ್ತಾರೆ. ಕರೆದವರ ಮನಸ್ಸಿಗೆ ನೋವಾಗಬಾರದೆಂಬ ದಾಕ್ಷಿಣ್ಯ ಅದು. ತನ್ನನ್ನು ಅನುಸರಿಸಿದವರನ್ನು ಮರಳಿ ಅನುಸರಿಸುವುದೂ ಅದೇ ದಾಕ್ಷಿಣ್ಯದ ಮಾತು. ಯಂತ್ರವು ಹುಡುಕುವುದು ಇಂಥ ದಾಕ್ಷಿಣ್ಯಪರರನ್ನೇ: ಯಾರು ಮರಳಿ ಅನುಸರಿಸುವರೋ ಅವರನ್ನು. ಅವರು ಬಂದ ಮೇಲೆ ಇತ್ತ ಸದ್ದಿಲ್ಲದೆ ಕೈಬಿಡುತ್ತದೆ. ಕರೆದ ಮನೆಗೆ ಹೋದವರು, ಕರೆದವರು ಬಾಗಿಲಿಗೆ ಬೀಗ ಹಾಕಿ ಹೋಗಿರುವುದನ್ನು ಕಂಡಂತೆ. ಒಬ್ಬೊಬ್ಬರಿಗೆ ಆದ ನಷ್ಟವು ಅತ್ಯಲ್ಪವೇ. ಆದರೆ ಇದು ಸಾವಿರಾರು ಸಲ ನಡೆದಾಗ ಜನರಲ್ಲಿ ಒಂದು ಎಚ್ಚರಿಕೆ ಹುಟ್ಟುತ್ತದೆ: ಮೆಚ್ಚಿದವರನ್ನೂ ನಂಬಬಾರದು ಎಂಬ ಎಚ್ಚರಿಕೆ. ಮುಂದೆ ನಿಜವಾಗಿ ಮೆಚ್ಚಿ ಬಂದವನ ಮೇಲೂ ಅದೇ ಸಂಶಯ ಬೀಳುತ್ತದೆ. ನಷ್ಟವಾದುದು ಆ ನಂಬಿಕೆಗೆ.

ಭೋಜನಾಲಯದ ವಿಚಾರವೂ ಹೀಗೆಯೇ. ‘25,000 ಜನ’ ಎಂಬ ಸಂಖ್ಯೆಯನ್ನು ಅವರು ಅಳತೆಯೆಂದು ನಂಬಿ ಅನ್ನವನ್ನು ಕೊಟ್ಟರು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಎಂಬವರು 1975ರಲ್ಲಿ ಹಣಕಾಸಿನ ನೀತಿಯನ್ನು ಕುರಿತು ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದರು. ಅದರ ತಾತ್ಪರ್ಯವಿಷ್ಟು: ಯಾವುದನ್ನು ಅಳತೆಯೆಂದು ಇಟ್ಟುಕೊಂಡಿದ್ದೇವೆಯೋ ಅದನ್ನೇ ಹಿಗ್ಗಿಸಲು ಹೊರಟರೆ ಅದು ಅಳತೆಯಾಗಿ ಉಳಿಯುವುದಿಲ್ಲ. ಸೇರಿನ ತಳವನ್ನು ಒಳಕ್ಕೆ ಬಡಿದು ಅಕ್ಕಿ ಅಳೆಯುವ ವ್ಯಾಪಾರಿಯನ್ನು ಕಂಡ ನಮ್ಮ ಅಜ್ಜಿಯರಿಗೆ ಈ ತತ್ತ್ವವು ಹೊಸದೆನಿಸಲಾರದು. ಅಲ್ಲಿಯೂ ಅಕ್ಕಿ ನಿಜವಾದದ್ದೇ, ಸುಳ್ಳಾದದ್ದು ಸೇರು.

ಮೂರನೆಯ ಯುಕ್ತಿಯಲ್ಲಿ ಸತ್ಯಾಂಶವಿದೆ. ತಾಣದ ಒಡೆಯರ ಯಂತ್ರವು ನ್ಯಾಯವಾಗಿಯೇ ಹಂಚುತ್ತದೆಯೆಂದು ನಾವು ಹೇಳಲಾರೆವು. ಜನರ ಕಣ್ಣುಗಳನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಂಡು ಜಾಹೀರಾತಿನಿಂದ ಲಾಭ ಪಡೆಯುವುದು ಅವರ ವ್ಯವಹಾರ. ಆದರೆ ಈ ಉಪಾಯದಿಂದ ಮೋಸಹೋಗುವವರು ಒಡೆಯರಲ್ಲ, ನಮ್ಮಂತೆಯೇ ಇರುವ ಮನುಷ್ಯರು. ಒಬ್ಬನ ಅನ್ಯಾಯಕ್ಕೆ ಮತ್ತೊಬ್ಬನಿಂದ ಪರಿಹಾರವನ್ನು ವಸೂಲು ಮಾಡುವುದು ಯಾವ ನ್ಯಾಯ? ಇದಲ್ಲದೆ ಖಾತೆ ತೆರೆಯುವಾಗ ಕೃತಕವಾಗಿ ಅನುಯಾಯಿಗಳನ್ನು ಕೂಡಿಸಕೂಡದೆಂಬ ನಿಯಮಕ್ಕೆ ಒಪ್ಪಿಯೇ ಒಳಗೆ ಬಂದಿರುತ್ತೇವೆ. ಒಪ್ಪಿದ ಮಾತನ್ನು ನಡೆಸುವುದೂ ಒಂದು ಧರ್ಮ.

ಯಂತ್ರಕ್ಕೆ ಯಂತ್ರ ಎಂಬ ಈ ಹೋರಾಟಕ್ಕೆ ಕೊನೆಯೂ ಇಲ್ಲ. 2014ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಂ ಸುಳ್ಳು ಖಾತೆಗಳನ್ನು ಒಮ್ಮೆಲೇ ಕಿತ್ತುಹಾಕಿದಾಗ, ಆ ಸಂಸ್ಥೆಯ ಸ್ವಂತ ಖಾತೆಯಿಂದಲೇ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಅನುಯಾಯಿಗಳು ಮಾಯವಾದರು. 2018ರ ನವೆಂಬರಿನಲ್ಲಿ ಅದೇ ಸಂಸ್ಥೆಯು, ಯಂತ್ರಗಳ ಮೂಲಕ ಬಂದ ಮೆಚ್ಚುಗೆ, ಅನುಸರಣೆ, ಅಭಿಪ್ರಾಯಗಳನ್ನು ಯಂತ್ರಕಲಿಕೆಯಿಂದಲೇ ಪತ್ತೆಹಚ್ಚಿ ತೆಗೆಯುವುದಾಗಿ ಪ್ರಕಟಿಸಿತು. ಅಮೆರಿಕದಲ್ಲಿ ಯಂತ್ರನಿರ್ಮಿತ ಅನುಯಾಯಿಗಳನ್ನು ವ್ಯಾಪಾರಕ್ಕಾಗಿ ತಿಳಿದೂ ತಿಳಿದು ಮಾರುವುದನ್ನೂ ಕೊಳ್ಳುವುದನ್ನೂ ನಿಷೇಧಿಸುವ ನಿಯಮವು 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಮೆಚ್ಚುವುದೂ ಯಂತ್ರ, ಆ ಮೆಚ್ಚುಗೆಯನ್ನು ಪರೀಕ್ಷಿಸುವುದೂ ಯಂತ್ರ ಎಂದಾದ ಮೇಲೆ, ನಡುವೆ ಹಾಡು ಕೇಳುವವರಾರು?

ಇನ್ನು ನಾಲ್ಕನೆಯ ಯುಕ್ತಿ. ಇದೇ ನಮ್ಮಂಥವರಿಗೆ ಹೆಚ್ಚು ಅಪಾಯಕಾರಿ. ಏಕೆಂದರೆ ನಮ್ಮ ಉದ್ದೇಶ ಒಳ್ಳೆಯದೆಂದು ನಾವೆಲ್ಲರೂ ನಂಬಿರುತ್ತೇವೆ. ಒಳ್ಳೆಯ ಕಾರ್ಯಕ್ಕೆ ಒಳ್ಳೆಯ ಸಾಧನವೇ ಬೇಕೆಂಬುದು ಸಾಮಾನ್ಯ ಉತ್ತರ. ಆದರೆ ಈ ಪ್ರಸಂಗದಲ್ಲಿ ಅದಕ್ಕಿಂತ ಹತ್ತಿರದ ಉತ್ತರವೊಂದಿದೆ. ಅಣ್ಣನು ಯಂತ್ರವನ್ನು ಹೂಡಿದನೆಂದೂ, ಆರು ತಿಂಗಳಲ್ಲಿ ಹತ್ತು ಸಾವಿರ ಜನ ಬಂದರೆಂದೂ ಇಟ್ಟುಕೊಳ್ಳೋಣ. ತಂಗಿಗೆ ಸಂತೋಷವಾಗುತ್ತದೆ: ಇಷ್ಟು ಜನ ನನ್ನ ಹಾಡನ್ನು ಕೇಳಿ ಮೆಚ್ಚಿದರಲ್ಲಾ ಎಂದು. ಅದು ನಿಜವಲ್ಲವೆಂಬುದನ್ನು ಬಲ್ಲವನು ಅಣ್ಣನೊಬ್ಬನೇ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚಾಗಿ ವಂಚಿತಳಾದವಳು ಅವನ ತಂಗಿಯೇ. ಅವಳ ಅಣ್ಣನು ಈ ವಿಷಯವನ್ನು ಅವಳಿಗೆ ತಿಳಿಸಿ ಮಾಡಿದರೆ ಸಂತೋಷವೇ ಹುಟ್ಟುವುದಿಲ್ಲ. ತಿಳಿಸದೆ ಮಾಡಿದರೆ ಹುಟ್ಟಿದ ಸಂತೋಷವು ಸುಳ್ಳು. ಈಗಿರುವ 150 ಜನರ ವಿಷಯದಲ್ಲಾದರೋ ಅವಳು ನಿಶ್ಚಿಂತೆಯಿಂದ ‘ಇವರು ಕೇಳಲು ಬಂದವರು’ ಎನ್ನಬಲ್ಲಳು. ಹತ್ತು ಸಾವಿರದ ನಡುವೆ ಆ 150 ಮಂದಿ ಯಾರೆಂಬುದು ಅವಳಿಗೆ ಮತ್ತೆಂದಿಗೂ ತಿಳಿಯದು.

ಹಾಡುಗಳ ಆಯ್ಕೆಯನ್ನು ಯಂತ್ರಕ್ಕೆ ಬಿಡುವುದು ಇನ್ನೊಂದು ಸೂಕ್ಷ್ಮ. ಇದರಲ್ಲಿ ಯಾರಿಗೂ ಸುಳ್ಳು ಹೇಳಿದಂತಾಗುವುದಿಲ್ಲ. ಆದುದರಿಂದ ಇದನ್ನು ವಂಚನೆಯೆನ್ನಲಾರೆವು. ಆದರೂ ಯಂತ್ರವು ಬಲ್ಲದ್ದು ಹಿಂದೆ ಯಾವುದು ಹೆಚ್ಚು ಜನರಿಗೆ ಪ್ರಿಯವಾಯಿತು ಎಂಬುದನ್ನು ಮಾತ್ರ. ವಿಳಂಬಕಾಲದ ಹಾಡನ್ನು ಜನ ನಡುವೆಯೇ ಬಿಟ್ಟು ಹೋಗುತ್ತಾರೆ, ಆದುದರಿಂದ ಚುರುಕಾದ, ಚಿಕ್ಕದಾದ ಹಾಡನ್ನೇ ಹಾಡು ಎಂದು ಅದು ಹೇಳೀತು. ಅದರಂತೆ ನಡೆದರೆ, ಗುರುಗಳಿಂದ ವರ್ಷಗಟ್ಟಲೆ ಕಲಿತದ್ದರಲ್ಲಿ ಎಷ್ಟೋ ಭಾಗವು ಯಾರೂ ಬೇಡವೆನ್ನದೆಯೇ ಮೂಲೆ ಸೇರುತ್ತದೆ. ಪ್ರಿಯವಾದದ್ದಕ್ಕೂ ಹಿತವಾದದ್ದಕ್ಕೂ ಇರುವ ಅಂತರವನ್ನು ಎಣಿಕೆಯ ಯಂತ್ರವು ತಿಳಿಯದು, ಹಾಡುವವಳು ತಿಳಿದಿರಬೇಕು.

ಪ್ರಯೋಜನ

ಇಷ್ಟು ವಿಚಾರದಿಂದ ಫಲಿಸಿದ ನಿಯಮವು ಸರಳವಾಗಿದೆ. ಯಂತ್ರವನ್ನೇ ದೂರವಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಹಾಡಿನ ಧ್ವನಿಯಲ್ಲಿರುವ ಗದ್ದಲವನ್ನು ತೆಗೆಯಲು, ಸಾಹಿತ್ಯವನ್ನು ತೆರೆಯ ಮೇಲೆ ಮೂಡಿಸಲು, ಕನ್ನಡ ಬಾರದವರಿಗೆ ಅರ್ಥವನ್ನು ತಿಳಿಸಲು, ಜನರಿಗೆ ಬಿಡುವಿರುವ ಹೊತ್ತನ್ನು ತಿಳಿದು ಆ ಹೊತ್ತಿಗೆ ಪ್ರಕಟಿಸಲು ಯಂತ್ರದ ನೆರವನ್ನು ಧಾರಾಳವಾಗಿ ಪಡೆಯಬಹುದು. ಇವೆಲ್ಲವೂ ಆಹ್ವಾನಪತ್ರಿಕೆಯನ್ನು ಅಚ್ಚುಹಾಕಿಸಿದಂತೆ. ಹಣ ಕೊಟ್ಟು, ಜಾಹೀರಾತೆಂದೇ ಹೆಸರಿಸಿ ಜನರಿಗೆ ತೋರಿಸುವುದರಲ್ಲಿಯೂ ಸುಳ್ಳಿಲ್ಲ. ಆದರೆ ‘ನೋಡಿದೆ’, ‘ಮೆಚ್ಚಿದೆ’, ‘ಹಿಂಬಾಲಿಸುತ್ತೇನೆ’ ಎಂಬ ಮೂರು ಮಾತುಗಳನ್ನು ಮಾತ್ರ ಯಂತ್ರದ ಬಾಯಿಂದ ಆಡಿಸಬಾರದು. ಅವು ನೋಡಿದವರು, ಮೆಚ್ಚಿದವರು ತಾವೇ ಆಡಬೇಕಾದ ಮಾತುಗಳು.

ಈ ನಿಯಮವು ಯಂತ್ರವಿಲ್ಲದವರಿಗೂ ಅನ್ವಯಿಸುತ್ತದೆ. ಬಂಧುಗಳ ಗುಂಪಿನಲ್ಲಿ ಬಂದ ಪ್ರತಿಯೊಂದಕ್ಕೂ ತೆರೆದು ನೋಡದೆಯೇ ಕೈಮುಗಿಯುವ ಚಿಹ್ನೆಯನ್ನು ಒತ್ತುವ ನಮ್ಮಲ್ಲಿ ಹಲವರು, ಯಂತ್ರವು ಮಾಡುವ ಕೆಲಸವನ್ನು ಸ್ವಹಸ್ತದಿಂದ ಮಾಡುತ್ತಿದ್ದೇವೆ. ತರುಣರನ್ನು ತಿದ್ದುವ ಮುನ್ನ ಹಿರಿಯರಾದ ನಾವು ಇದನ್ನು ನೆನೆಯುವುದು ಒಳಿತು.

ಕೆಲವು ದಿನಗಳ ಬಳಿಕ ಆ ತರುಣನು ಮತ್ತೆ ಬಂದಾಗ ಇದನ್ನೆಲ್ಲ ಸಂಗ್ರಹವಾಗಿ ಹೇಳಿದೆವು. ಆತನು ಶ್ರದ್ಧೆಯಿಂದ ಕೇಳಿದನು. ಕೊನೆಯಲ್ಲಿ ನಾವೊಂದು ಪ್ರಶ್ನೆ ಕೇಳಿದೆವು: "ಅಪ್ಪಾ, ತಂಗಿ ಕಳೆದ ವಾರ ಪ್ರಕಟಿಸಿದ ಹಾಡು ಯಾವುದು?"

ಆತನಿಗೆ ಹೇಳಲಾಗಲಿಲ್ಲ. ಆ ಹಾಡಿಗೆ ಎಷ್ಟು ಜನ ಲೈಕ್ ಒತ್ತಿದ್ದರು, ಯಾವ ಹೊತ್ತಿನಲ್ಲಿ ಒತ್ತಿದ್ದರು ಎಂಬುದು ಮಾತ್ರ ಬಾಯಲ್ಲಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೂರ್ತಿಯಾಗಿ ಕೇಳಿರಲಿಲ್ಲ ಆಚಾರ್ಯರೇ, ಇಂದು ಮನೆಗೆ ಹೋಗಿ ಕೇಳುತ್ತೇನೆ" ಎಂದನು. ತಂಗಿಗೆ ಆ ದಿನ ದೊರೆತ ಶ್ರೋತೃವು ಒಬ್ಬನೇ ಆದರೂ, ಅವನ ಮೆಚ್ಚುಗೆಗೆ ಸಾಕ್ಷಿಯಿತ್ತು.

ನಮ್ಮ ಮನೆಗಳಲ್ಲಿಯೂ ಹಾಡುವವರು, ಚಿತ್ರ ಬರೆಯುವವರು, ರಂಗೋಲಿ ಹಾಕುವವರು, ನಾಲ್ಕು ಒಳ್ಳೆಯ ಮಾತು ಬರೆಯುವವರು ಇದ್ದಾರೆ. ಅವರು ಸಂಖ್ಯೆಯನ್ನು ನೋಡಿ ಕುಗ್ಗುತ್ತಿರುವಾಗ ಅವರಿಗೆ ಸಂಖ್ಯೆಯನ್ನು ಹೆಚ್ಚಿಸಿಕೊಡುವ ಉಪಾಯವನ್ನು ಹುಡುಕುವುದಕ್ಕಿಂತ, ಹತ್ತು ನಿಮಿಷ ಎದುರು ಕುಳಿತು ಕೇಳುವುದು, ನೋಡುವುದು, ಓದುವುದು ಮೇಲು. ಸಜ್ಜನರು ಇದನ್ನು ವಿಚಾರಿಸಿ, ಯುಕ್ತವೆಂದು ತೋರಿದರೆ ಆಚರಣೆಗೆ ತರಬೇಕೆಂದು ವಿಜ್ಞಾಪಿಸುತ್ತೇವೆ.